ಡ್ರಾಯಿಂಗ್ ಮೇಷ್ಟ್ರ ಮೂರನೇ ಸಿನಿಮಾ

ಚಿಕ್ಕನಾಯಕನಹಳ್ಳಿಯ ನಮ್ಮ ಡ್ರಾಯಿಂಗ್ ಮೇಷ್ಟ್ರು ಸಿನಿಮಾ ತೋರಿಸುವಾಗ ಪ್ರೊಜೆಕ್ಟರ್ ಪಕ್ಕ ನಿಂತು, ಅಂಗಿಯ ತುದಿಯಲ್ಲಿ ಕನ್ನಡಕ ಒರೆಸುತ್ತಾ, ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಯಾರಾದರೂ ಮಿಸುಕಾಡಿದರೆ, "ಅವಸರ ಯಾಕ್ರೀ, ನೋಡ್ರೀ" ಎನ್ನುತ್ತಿದ್ದರು.

ಅವರಿಗೆ ಅಜರ್‌ಬೈಜಾನ್ ದೇಶದ ಒಬ್ಬ ನಿರ್ದೇಶಕನೆಂದರೆ ಪ್ರಾಣ. ಸಣ್ಣ ಸಾಕ್ಷ್ಯಚಿತ್ರಗಳಿಂದ ಶುರುಮಾಡಿದ ಆತ, ಆಮೇಲೆ ಬೆಟ್ಟದೂರಿನ ಜನರನ್ನೇ ನಟರಾಗಿಸಿ, ಒಂದೊಂದು ಚಿತ್ರಕ್ಕೂ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದನಂತೆ. ಅವುಗಳಲ್ಲಿ ಮಾತು ಕಡಿಮೆ, ಗಾಳಿಯ ಸದ್ದೇ ಹೆಚ್ಚು. ಮೇಷ್ಟ್ರು ಆತನ ಎರಡು ಚಿತ್ರ ತೋರಿಸಿದಾಗಲೂ ಊರಿನ ಸಭಾಂಗಣ ಅರ್ಧಕ್ಕೇ ಖಾಲಿಯಾಗಿತ್ತು. ಮೂರನೆಯದಕ್ಕೂ ಹಾಗಾದರೆ ಇನ್ನು ಬಾಗಿಲು ತೆರೆಯುವುದಿಲ್ಲ ಎಂದು ಅಲ್ಲಿನ ಮೇಲ್ವಿಚಾರಕ ಹೇಳಿಬಿಟ್ಟಿದ್ದ.

ಆ ಭಾನುವಾರ ಮಧ್ಯಾಹ್ನ ಪರದೆಯ ಮೇಲೆ ಒಬ್ಬ ಮುದುಕಿ ತನ್ನ ಕುರಿಯ ಪಕ್ಕ ಕೂತೇ ಇದ್ದಳು. ಎಷ್ಟು ಹೊತ್ತಾದರೂ ಬೇರೇನೂ ಆಗಲಿಲ್ಲ. ಹಿಂದಿನ ಸಾಲಿನವರು ಎದ್ದರು. ಮೇಷ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸತೊಡಗಿದರು.

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ, ನಮ್ಮೂರಲ್ಲೇ ಕುರಿ ಸಾಕುವ ಹೆಂಗಸೊಬ್ಬಳು ಗದರಿದಳು: "ಕುತ್ಕಳ್ರೋ! ಕುರಿ ನೋವು ತಿಂತಾ ಐತೆ, ಕಾಣಕಿಲ್ವಾ?"

ಎದ್ದವರು ಕೂತರು.

"ಕಾಲು ಬಂತು, ತಲೆ ಎಲ್ಲಿ?" ಎಂದ ಒಬ್ಬ ಮುದುಕ.

"ಬತ್ತೈತೆ, ಸುಮ್ಕಿರಣ್ಣ" ಎಂದಳು ಆಕೆ.

ಮರಿ ಹುಲ್ಲಿನ ಮೇಲೆ ಜಾರಿ ಬಿದ್ದು ತಲೆ ಅಲ್ಲಾಡಿಸಿದಾಗ ಎಲ್ಲರೂ ಒಟ್ಟಿಗೇ ಉಸಿರು ಬಿಟ್ಟರು. ಕೊನೆಯವರೆಗೂ ಯಾರೂ ಏಳಲಿಲ್ಲ.

ಮುಂದಿನ ಸಿನಿಮಾ ಯಾವಾಗ ಎಂದು ಮೇಲ್ವಿಚಾರಕ ತಾನಾಗಿಯೇ ಕೇಳಿದ. ಮೇಷ್ಟ್ರು ಕುರ್ಚಿಯಲ್ಲಿ ಕುಸಿದು ಕೂತು, ಹಗುರಾಗಿ ನಕ್ಕರು. ಆ ಹೆಂಗಸು ಹೊರಡುತ್ತಾ ಅವರ ಬಳಿ ನಿಂತು ಹೇಳಿದಳು: "ಇದನ್ನ ತೆಗ್ದೋನು ಕುರಿ ಸಾಕಿರೋನೇ ಕಣ್ರೀ ಮೇಷ್ಟ್ರೇ. ಇಲ್ದಿದ್ರೆ ಅಷ್ಟೊತ್ತು ಕಾಯ್ತಿರ್ಲಿಲ್ಲ."