ಫಳ್ನೀರಿನಲ್ಲಿ ನಾನು ಕತ್ತರಿಸಿದ ಬಲೆ

ಬಲೆಯನ್ನು ನಾನು ಕತ್ತರಿಸಿದ್ದು ಹೌದು. ಹಾಳು ಮಾಡಿದೆ ಎನ್ನುವುದು ಸುಳ್ಳು. ನೂಲು ಮುಟ್ಟಿ ನೋಡದೆ ಕತ್ತರಿ ಹಿಡಿದೆ, ಅದೊಂದು ನನ್ನ ತಪ್ಪು. ಉಳಿದದ್ದು ಯಾವುದಕ್ಕೂ ನಾನು ತಲೆ ತಗ್ಗಿಸುವುದಿಲ್ಲ. ಫಳ್ನೀರಿನಲ್ಲಿ ಎಂತ ಆಯಿತು ಎಂದು ಉಳ್ಳಾಲದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಹೋದವಳು ನಾನು. ಓದಿದ್ದು ನಾಲ್ಕನೇ ಕ್ಲಾಸಾದರೂ ಬರೆಯಲಿಕ್ಕೆ ಬರುತ್ತದೆ. ಆದ್ದರಿಂದ ನಮ್ಮ ಮಹಿಳಾ ಮಂಡಲದ ಈ ಸಲದ ಪುಸ್ತಕಕ್ಕೆ ನಾನೇ ಬರೆದಿದ್ದೇನೆ.

ಮಂಗಳೂರಿನ ಫಳ್ನೀರಿನಲ್ಲಿ ಒಂದು ಬಟ್ಟೆ ಮ್ಯೂಸಿಯಂ ಉಂಟು. ಹಳೆ ಸೀರೆ, ರವಿಕೆ, ಮಗ್ಗ ಎಲ್ಲ ಇಟ್ಟಿದ್ದಾರೆ. ಅಲ್ಲಿ ಆಗಾಗ ಜನರನ್ನು ಕರೆದು ನೇಯ್ಗೆ, ಬಣ್ಣ ಹಾಕುವುದು, ಹೊಲಿಗೆ ಹೇಳಿಕೊಡುತ್ತಾರೆ. ಈ ಸಲದ್ದು ಹರಿದದ್ದನ್ನು ಸರಿ ಮಾಡುವ ಕಾರ್ಯಾಗಾರ. ಬಲೆ ಹೆಣೆದು ತೋರಿಸಲಿಕ್ಕೆ ಒಬ್ಬರು ಬೇಕು ಎಂದು ಮಂಡಲಕ್ಕೆ ಫೋನ್ ಬಂತು. ಮಂಡಲದವರು ನನ್ನ ಹೆಸರು ಕೊಟ್ಟರು. ಮದುವೆಯಾಗಿ ಬಂದಂದಿನಿಂದ ಗಂಡನ ಬೀಸುಬಲೆ ಸರಿ ಮಾಡಿದವಳು ನಾನೇ. ಈಗ ಅವರೂ ಇಲ್ಲ, ಆ ಬಲೆಯೂ ಇಲ್ಲ, ಕೈ ಮಾತ್ರ ಉಂಟು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬಸ್ಸು ಹತ್ತಿದೆ. ಜೊತೆಗೆ ಪಕ್ಕದ ಮನೆಯ ಐಸಮ್ಮ ಬಂದಳು. ಅವಳ ಮಗನಿಗೆ ತೊಕ್ಕೊಟ್ಟಿನಲ್ಲಿ ಹಾಸಿಗೆ ಅಂಗಡಿ. ಹಾಸಿಗೆ ದಿಂಬಿನ ಹೊಲಿಗೆ ಇವಳದ್ದೇ. ತಾಯಿಯ ಕಾಲದ ತಲೆವಸ್ತ್ರವೊಂದು ಹರಿದಿತ್ತು, ಅದನ್ನು ಚೀಲದಲ್ಲಿ ಹಾಕಿಕೊಂಡಿದ್ದಳು. ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ಕಂಕನಾಡಿಗೆ ಟಿಕೆಟು ಇಪ್ಪತ್ತು ರೂಪಾಯಿ. ಹೆಂಗಸರಿಗೆ ಬಸ್ಸು ಫ್ರೀ ಎಂದು ಊರೆಲ್ಲ ಹೇಳುತ್ತದೆ, ನಮ್ಮ ಕಡೆ ಓಡುವುದು ಪ್ರೈವೇಟು.

"ಅಜ್ಜಿ, ಆಚೆ ಸರಿಯಿರಿ," ಎಂದ ಕಂಡಕ್ಟರ್.

"ಆಚೆ ಇನ್ನೊಬ್ಬಳು ಅಜ್ಜಿ ಉಂಟಲ್ಲ ಮಾರಾಯ, ಅವಳ ಮಡಿಲಲ್ಲಿ ಕೂತುಕೊಳ್ಳಲಾ?" ಎಂದೆ.

ಮಳೆ ಬಿಟ್ಟು ಹದಿನೈದು ದಿನ ಆಗಿತ್ತು, ಬೆಳಿಗ್ಗೆಯೇ ಸೆಕೆ. ನೇತ್ರಾವತಿ ಸೇತುವೆಯಲ್ಲಿ ಸ್ವಲ್ಪ ಗಾಳಿ ಸಿಕ್ಕಿತು. ಪಂಪ್‌ವೆಲ್‌ನಲ್ಲಿ ಟ್ರಾಫಿಕ್ ಬ್ಲಾಕು, ಇಪ್ಪತ್ತು ನಿಮಿಷ ಅಲ್ಲೇ ಬೆವರಿದೆವು. ಕಂಕನಾಡಿಯಲ್ಲಿ ಇಳಿದು ನಡೆದೆವು. ದಾರಿಯುದ್ದಕ್ಕೂ ಆಸ್ಪತ್ರೆ, ಮದ್ದಿನ ಅಂಗಡಿ. "ನಾವು ಹೀಗೆ ನಡೆದರೆ ನಮ್ಮನ್ನೇ ಅಡ್ಮಿಟ್ ಮಾಡಿಯಾರು," ಎಂದಳು ಐಸಮ್ಮ.

ಮ್ಯೂಸಿಯಂನಲ್ಲಿ ನಮ್ಮನ್ನು ಕರೆದುಕೊಂಡು ಹೋದವಳು ನಮಿತಾ ಮೇಡಂ. ವಸ್ತುಗಳ ಜವಾಬ್ದಾರಿ ಎಲ್ಲ ಅವಳದ್ದು. ಸಣ್ಣ ಪ್ರಾಯ, ಮಾತು ಮೆತ್ತಗೆ. ಮೇಲಿನ ಹಾಲಿನಲ್ಲಿ ಮೂವತ್ತು ಜನ ಇದ್ದರು, ಹೆಚ್ಚಿನವರು ಕಾಲೇಜು ಹುಡುಗಿಯರು. ಒಬ್ಬ ಟೀಚರ್ ಹರಿದ ಜೀನ್ಸಿನ ಮೇಲೆ ಕೆಂಪು ನೂಲಿನಲ್ಲಿ ಹೂವು ಹೊಲಿಯಲು ಹೇಳಿಕೊಡುತ್ತಿದ್ದಳು. ಚಂದ ಇತ್ತು. ಎರಡು ಸಲ ಒಗೆದರೆ ಹೂವು ಉಳಿಯುತ್ತದೆ, ಪ್ಯಾಂಟು ಹೋಗುತ್ತದೆ ಎಂದು ಹೇಳಿದೆ. ಹುಡುಗಿಯರು ನಕ್ಕರು, ಟೀಚರ್ ನಗಲಿಲ್ಲ.

ಮಧ್ಯಾಹ್ನ ಒಂದು ಪಪ್ಸ್, ಒಂದು ಬಾಳೆಹಣ್ಣು ಕೊಟ್ಟರು. ಐಸಮ್ಮ ತಂದ ಪತ್ತಿರ್, ಅಂದರೆ ಅಕ್ಕಿ ರೊಟ್ಟಿ, ಇಲ್ಲದಿದ್ದರೆ ಹೊಟ್ಟೆ ಬೆನ್ನಿಗೆ ಹತ್ತುತ್ತಿತ್ತು.

ಊಟವಾದ ಮೇಲೆ ನನ್ನ ಸರದಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹಳೆಯ ಹತ್ತಿ ಬೀಸುಬಲೆ ಹರಡಿದ್ದರು. ನೈಲಾನ್ ಬರುವ ಮೊದಲಿನದ್ದು. ನಡುವೆ ಅಂಗೈಯಷ್ಟು ತೂತು. ಪಕ್ಕದಲ್ಲಿ ಚೀಟಿ: "ಉಳ್ಳಾಲದ ಬಲೆ." ಬರುವ ವಾರ ಗೋಡೆಗೆ ಹಾಕುವುದಂತೆ. ತಟ್ಟೆಯಲ್ಲಿ ಕತ್ತರಿ, ಮರದ ಬಲೆ ಸೂಜಿ. ಸೂಜಿಯಲ್ಲಿ ಬಿಳಿ ನೂಲು ತುಂಬಿಸಿಯೇ ಇಟ್ಟಿದ್ದರು.

ಬಲೆ ಸರಿ ಮಾಡುವುದು ಬಟ್ಟೆ ಹೊಲಿದ ಹಾಗಲ್ಲ. ತೂತಿನ ಸುತ್ತ ಅರ್ಧ ಗಂಟುಗಳು ನೇತಾಡುತ್ತವೆ, ಅವಕ್ಕೆ ಹೆಣೆದರೆ ಹಿಡಿಯುವುದಿಲ್ಲ. ಗಟ್ಟಿ ಗಂಟು ಸಿಗುವ ತನಕ ಕತ್ತರಿಸಿಕೊಂಡು ಹೋಗಬೇಕು. ತೂತು ಮೊದಲು ದೊಡ್ಡದಾಗಬೇಕು, ಹೆಣಿಗೆ ಆಮೇಲೆ. ನಮ್ಮಲ್ಲಿ ಸಣ್ಣ ಹೆಣ್ಣುಮಕ್ಕಳಿಗೂ ಇದು ಗೊತ್ತಿತ್ತು. ನಾನು ಕತ್ತರಿ ತೆಗೆದುಕೊಂಡು ಸುತ್ತ ಕತ್ತರಿಸಿದೆ. ಅಂಗೈಯಷ್ಟು ಇದ್ದದ್ದು ಸಣ್ಣ ತಟ್ಟೆಯಷ್ಟು ಆಯಿತು.

"ಅಜ್ಜಿ, ಎಂತ ಮಾಡ್ತಾ ಇದ್ದೀರಿ?" ನಮಿತಾ ಮೇಡಂ ಓಡಿ ಬಂದು ನನ್ನ ಕೈ ಹಿಡಿದಳು.

"ಸರಿ ಮಾಡ್ತಾ ಇದ್ದೇನೆ."

"ನಿಮ್ಮ ಕೈ ಹೇಗೆ ಓಡ್ತದೆ ಅಂತ ಬಲೆ ಮುಟ್ಟದೆ ಮೇಲಿನಿಂದಲೇ ತೋರಿಸಿ ಅಂತ ಹೇಳಿದ್ದು. ಕತ್ತರಿಸಿ ಅಂತ ಯಾರು ಹೇಳಿದ್ದು?"

"ಮತ್ತೆ ಕತ್ತರಿ ಯಾಕೆ ಇಟ್ಟಿರಿ?"

ಕೈ ಬಿಡಿಸಿಕೊಂಡೆ. ನನ್ನದು ಮುಗಿಸುತ್ತೇನೆ ಎಂದು ಸೂಜಿ ಎತ್ತಿದೆ. ನೂಲು ಬೆರಳಿಗೆ ತಾಗಿದಾಗಲೇ ಗೊತ್ತಾದದ್ದು: ನೈಲಾನ್. ಹತ್ತಿ ಬಲೆಗೆ ನೈಲಾನ್ ಹಾಕಿದರೆ ಗಂಟನ್ನು ಕೊಯ್ದು ಹಾಕುತ್ತದೆ. ಮೊದಲು ಮುಟ್ಟಬೇಕಿತ್ತು. ಮನೆಯಲ್ಲಿ ಸೂಜಿ ತುಂಬಿಸುತ್ತಿದ್ದವಳು ನಾನೇ, ಹಾಗಾಗಿ ಅನುಮಾನ ಬರಲಿಲ್ಲ. ಸೂಜಿ ಕೆಳಗಿಟ್ಟೆ. ಐಸಮ್ಮ ತಲೆವಸ್ತ್ರ ಮಡಚಿ ಚೀಲಕ್ಕೆ ಹಾಕಿದಳು.

ನನ್ನನ್ನು ಕೆಳಗೆ ಆಫೀಸಿಗೆ ಕರೆದುಕೊಂಡು ಹೋಗಿ ಚಾ ಕೊಟ್ಟರು. ಕುಡಿಯಲಿಲ್ಲ. ಮೇಡಂ ಒಂದು ಕಾಗದ ಇಟ್ಟು, "ಇದು ನಮ್ಮ ನಿಯಮ ಅಜ್ಜಿ. ಇಲ್ಲೊಂದು ಸಹಿ ಮಾಡಿ," ಎಂದಳು.

"ಓದುತ್ತೇನೆ. ಗಡಿಬಿಡಿ ಮಾಡಬೇಡಿ."

ಅಕ್ಷರ ಅಕ್ಷರ ಕೂಡಿಸಿ ಓದಿದೆ. ವಸ್ತುವಿಗೆ ಹಾನಿ, ಹಾನಿ ಮಾಡಿದವರ ಹೆಸರು ಲೀಲಾವತಿ, ಊರು ಉಳ್ಳಾಲ. ಕಾಗದವನ್ನು ಹಿಂದೆ ತಳ್ಳಿದೆ.

"ಇದಕ್ಕೆ ನನ್ನ ಸಹಿ ಸಿಗುವುದಿಲ್ಲ. ಕತ್ತರಿಸಿದ್ದು ಅರ್ಧ ಕೆಲಸ. ಇನ್ನರ್ಧ ಬಾಕಿ ಉಂಟು."

"ಈ ಬಲೆಯಲ್ಲಿ ಇನ್ನು ಯಾರೂ ಮೀನು ಹಿಡಿಯುವುದಿಲ್ಲ ಅಜ್ಜಿ. ಆ ತೂತಿನ ಸಮೇತ ಇಟ್ಟರೇ ಅದು ಹಳೆಯದು ಅಂತ ಜನರಿಗೆ ಗೊತ್ತಾಗುವುದು."

"ಉಳ್ಳಾಲದ ಬಲೆ ಅಂತ ಬರೆದು ತೂತಿನದ್ದನ್ನು ಗೋಡೆಗೆ ಹಾಕಿದರೆ, ಉಳ್ಳಾಲದ ಹೆಂಗಸರಿಗೆ ಬಲೆ ಸರಿ ಮಾಡಲಿಕ್ಕೆ ಗೊತ್ತಿರಲಿಲ್ಲ ಅಂತ ಜನರಿಗೆ ಗೊತ್ತಾಗುವುದು. ಹರಿದ ಬಲೆಯನ್ನು ನಾವು ಹೊರಗೆ ಒಣಗಲಿಕ್ಕೂ ಹಾಕಿದವರಲ್ಲ."

ಮೇಡಂ ಕಾಗದವನ್ನು ಫೈಲಿಗೆ ಹಾಕಿದಳು. "ನಾಡಿದ್ದು ನಾನು ಮೇಲಿನವರಿಗೆ ವರದಿ ಕೊಡಬೇಕು. ನನ್ನ ಕೆಲಸದ ಪ್ರಶ್ನೆ," ಎಂದಳು.

"ನನ್ನದೂ ಕೆಲಸದ ಪ್ರಶ್ನೆಯೇ," ಎಂದು ಎದ್ದು ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೇತುವೆ ದಾಟಿದ ಮೇಲೆ ಐಸಮ್ಮ ಹೇಳಿದಳು, "ಮೀನು ತಗೊಳ್ಳುವಾಗ ಹತ್ತು ಸಲ ಕಿವಿರು ಎತ್ತಿ ನೋಡ್ತೀರಿ. ನೂಲನ್ನು ಒಂದು ಸಲ ಮುಟ್ಟಿ ನೋಡಲಿಕ್ಕೆ ಆಗಲಿಲ್ಲವಾ ಲೀಲಕ್ಕ?"

"ಆಗಲಿಲ್ಲ. ಈಗ ಹತ್ತಿ ನೂಲು ಎಲ್ಲಿ ಉಂಟು, ಅದು ಹೇಳು."

"ನಾನು ಹಾಸಿಗೆ ಹೊಲಿಯುವುದು ಯಾವ ನೂಲಿನಲ್ಲಿ ಅಂತ ಮಾಡಿದ್ದೀರಿ?"

ಮರುದಿನ ಬೆಳಿಗ್ಗೆ ಆರು ಗಂಟೆಗೆ ಐಸಮ್ಮನ ಬಾಗಿಲು ಬಡಿದೆ. ಅವಳು ನೂಲಿನ ಉಂಡೆ ಹಿಡಿದುಕೊಂಡೇ ಬಾಗಿಲು ತೆಗೆದಳು. ಹಾಸಿಗೆ ನೂಲು ಬಲೆಯ ನೂಲಿಗಿಂತ ಸಪೂರ. ಅವಳ ಜಗಲಿಯಲ್ಲೇ ಕೂತು, ಸೀರೆ ಮೊಣಕಾಲಿನ ಮೇಲಕ್ಕೆ ಎತ್ತಿ, ಎರಡೆರಡು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದೆ. ತೊಡೆ ಕೆಂಪಾಯಿತು. ನನ್ನ ಹಳೆಯ ಬಿದಿರಿನ ಸೂಜಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಂಟೂವರೆಯ ಬಸ್ಸು ಹಿಡಿದೆ.

ಮ್ಯೂಸಿಯಂ ಗೇಟಿಗೆ ಬೀಗ. "ಸೋಮವಾರ ರಜೆ," ಎಂದ ವಾಚ್‌ಮನ್.

"ರಜೆ ನಿಮಗೆ. ಮೇಡಮಿಗೆ ಫೋನ್ ಮಾಡು. ಹಾನಿ ಮಾಡಿದವಳು ನೂಲು ತಂದಿದ್ದಾಳೆ ಅಂತ ಹೇಳು."

ಅವನು ಫೋನ್ ಮಾಡಿದ. ನಾನು ಮೆಟ್ಟಿಲಲ್ಲಿ ಕೂತು ಸೂಜಿಗೆ ನೂಲು ತುಂಬಿಸಿದೆ. ಹತ್ತೂಕಾಲಿಗೆ ನಮಿತಾ ಮೇಡಂ ರಿಕ್ಷಾದಲ್ಲಿ ಬಂದು ಇಳಿದಳು. ತಲೆ ಬಾಚಿರಲಿಲ್ಲ. ಕೈಯಲ್ಲಿ ಬೀಗದ ಕೈ, ಫೈಲು. ನನ್ನ ಸೂಜಿಯ ನೂಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹೌದು, ಅವಳು ಮುಟ್ಟಿ ನೋಡಿದಳು. ಆಮೇಲೆ ಬೀಗ ತೆಗೆದಳು.

"ಆ ಕಾಗದ ತಂದಿದ್ದೀರಾ?" ಕೇಳಿದೆ.

"ತಂದಿದ್ದೇನೆ."

"ಅದು ಬದಿಗಿರಲಿ. ಮೇಲಿನ ಕಿಟಕಿ ತೆಗೆಯಿರಿ, ನನಗೆ ಬೆಳಕು ಬೇಕು."