ತಗಡಿನ ಗುಬ್ಬಿಗೂಡು

ಕಮಲಾಪುರದ ಶಾಲೆಯಲ್ಲಿ ನಾನು ಬಿಸಿಯೂಟದ ಅಡುಗೆ ಮಾಡುತ್ತಿದ್ದ ಕಾಲದ ಮಾತು ಇದು. ಬಹಳ ಹಿಂದಿನದೇನಲ್ಲ. ಆ ವರ್ಷ ವಿಜ್ಞಾನಕ್ಕೆ ಹೊಸ ಟೀಚರ್ ಬಂದಿದ್ದಳು. ಕಲಬುರಗಿಯ ಖೂಬಾ ಪ್ಲಾಟಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವಳು. ಸೀಟು ಸಿಗದೆ ನಿಂತು ಬಂದ ದಿನ ಅವಳ ಮುಖ ನೋಡಿಯೇ ಮಕ್ಕಳು ಸುಮ್ಮನೆ ಕೂರುತ್ತಿದ್ದರು. ಅವಳು ಏಳನೆಯ ತರಗತಿಗೆ ಹಕ್ಕಿಗೂಡು ಮಾಡುವ ಕೆಲಸ ಹಚ್ಚಿದಳು. ಪುಸ್ತಕ ಬಿಟ್ಟು ಇದೆಂಥ ಬಡಿಗತನ ಎಂದು ನನಗೆ ಅನಿಸಿತು. ಅನಿಸಿದ್ದನ್ನು ಕೇಳಿಯೂ ಬಿಟ್ಟೆ.

"ಮೇಡಂ, ಮನಿ ಕಟ್ಟಿಸಿಕೊಡ್ರಿ ಅಂತ ಗುಬ್ಬಿ ನಿಮಗ ಅರ್ಜಿ ಕೊಟ್ಟಾವೇನ್ರಿ?"

"ಇನ್ನಾ ಕೊಟ್ಟಿಲ್ಲ ಆಯಿ. ಮೊದಲ ಕಟ್ಟಿ ನೋಡೋಣು, ಬಾಡಿಗಿಗಿ ಬರ್ತಾವೋ ಇಲ್ಲೋ," ಎಂದಳು.

ಮಾತಿಗೆ ಮಾತು ಕೊಡುವವರು ನನಗೆ ಸೇರುತ್ತಾರೆ. ಅಂದಿನಿಂದ ಅವಳ ಡಬ್ಬಿಗೆ ಎರಡು ತುತ್ತು ಪಲ್ಯ ಹೆಚ್ಚು ಹಾಕಿದೆ.

ಅವಳು ಮೊದಲಿಗೆ ಮಕ್ಕಳಿಗೆ ಹಲಗೆ ಮುಟ್ಟಲು ಬಿಡಲಿಲ್ಲ. ಹಕ್ಕಿ ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಮಧ್ಯಾಹ್ನ ಯಾವ ಗೋಡೆಗೆ ನೆರಳು ಬರುತ್ತದೆ, ಬರೀ ನೋಡಿರಿ ಎಂದಳು. ಆಮೇಲೆ ಚಿತ್ರ ಬರೆಸಿದಳು. ಆಮೇಲೆ ರಟ್ಟಿನಲ್ಲಿ ಮಾಡಿಸಿದಳು. ರಟ್ಟಿನ ಗೂಡು ಕೆಡವಿ ಮತ್ತೆ ಮಾಡಿಸಿದಳು. ಬಾಗಿಲಿನ ತೂತು ಗುಬ್ಬಿ ಹೋಗುವಷ್ಟು ಇರಬೇಕು, ಗೊರವಂಕ ಹೋಗುವಷ್ಟು ಇರಬಾರದು ಎಂದು ಮಕ್ಕಳು ಜಗಳಾಡಿದರು. ಪ್ರತಿಯೊಬ್ಬರನ್ನೂ ನಿಲ್ಲಿಸಿ ಅವಳು ಕೇಳುತ್ತಿದ್ದುದು ಇಷ್ಟೇ: ಮಳೆ ನೀರು ಬಂದರೆ ಎಲ್ಲಿಂದ ಹೋಗುತ್ತದೆ? ಬಿಸಿ ಗಾಳಿ ಎಲ್ಲಿಂದ ಹೋಗುತ್ತದೆ? ಉತ್ತರ ಬರದಿದ್ದರೆ, ಹೋಗು, ಮತ್ತೆ ಬರಿ.

ಮಕ್ಕಳೆಲ್ಲ ಹಳೆಯ ಪೆಟ್ಟಿಗೆಯ ಹಲಗೆ, ಮಡಕೆ ತಂದರು. ಒಬ್ಬ ಹುಡುಗಿ ಮಾತ್ರ ತಗಡು ತಂದಳು. ಅವಳ ಅಪ್ಪನದು ಬಜಾರಿನಲ್ಲಿ ತಗಡಿನ ದುಕಾನು. ಜೋಳ ತುಂಬುವ ಡಬ್ಬಿ, ಬಕೀಟು, ಕೊಳವೆ ಮಾಡುವವನು. ಅವನ ಡಬ್ಬಿಯಲ್ಲಿ ಕಾಳು ತುಂಬಿ ಮುಚ್ಚಳ ಒತ್ತಿದರೆ ಹುಳ ಬೀಳುವುದಿಲ್ಲ ಎಂದು ಸುತ್ತಲಿನ ಊರೆಲ್ಲ ಹೇಳುತ್ತದೆ. ನನ್ನ ಮನೆಯಲ್ಲೂ ಒಂದಿದೆ. ನಿಜವೇ.

ಹುಡುಗಿ ತಾನೇ ತಗಡು ಕತ್ತರಿಸಿದಳು, ಅಂಚು ಮಡಿಸಿದಳು, ಬಾಗಿಲಿನ ತೂತಿನ ಸುತ್ತ ಹಕ್ಕಿಗೆ ಕೊಯ್ಯದಂತೆ ಅಂಚು ಒಳಗೆ ತಿರುವಿದಳು. ಟೀಚರ್ ಹೇಳಿದಂತೆ ತಳದಲ್ಲಿ ನೀರು ಹೋಗಲು, ಮೇಲೆ ಗಾಳಿ ಹೋಗಲು ಮೊಳೆಯಿಂದ ಸಣ್ಣ ಸಣ್ಣ ತೂತು ಹೊಡೆದಳು. ಬೆಸುಗೆ ಒಂದನ್ನು ಅಪ್ಪನಿಗೆ ಬಿಟ್ಟಳು. ಅಪ್ಪ ಬೆಸುಗೆ ಹಾಕಿದ. ಮಗಳು ಪಾಪ, ಮೊಳೆ ಜಾರಿಸಿ ತಗಡು ಕೆಡಿಸಿಕೊಂಡಿದ್ದಾಳೆ ಎಂದುಕೊಂಡು, ಆ ತೂತುಗಳನ್ನೂ ಒಂದೂ ಬಿಡದೆ ಮುಚ್ಚಿದ. ಮೇಲೆ ಉಜ್ಜಿ ಹೊಳಪು ಕೊಟ್ಟ. ತಾನೇ ಶಾಲೆಗೆ ಹೊತ್ತು ತಂದು, ಎಲ್ಲರ ಮುಂದೆ ಗೂಡು ಡಬ್ಬು ಮಾಡಿ ತಳದ ಮೇಲೆ ನೀರು ಸುರಿದು ತೋರಿಸಿದ.

"ಒಂದ್ ಹನಿ ಒಳಗ ಹೋಗಂಗಿಲ್ಲ ಮೇಡಂ. ಖಾತ್ರಿ ಮಾಲ್."

ಹುಡುಗಿ ನೆಲ ನೋಡುತ್ತ ನಿಂತಿದ್ದಳು. ಅಪ್ಪ ಖುಷಿಯಿಂದ ಬಂದಿದ್ದ, ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಅಂಥ ಹೊತ್ತಿನಲ್ಲಿ ಹೇಗೆ ಹೇಳಿಯಾಳು? ಅವನು ಹೋದ ಮೇಲೆ ಟೀಚರ್, "ಸೋಮವಾರ ಬಿಚ್ಚಿ ತೂತು ಹೊಡಿಯೋಣು, ಈಗ ಹಾಂಗೇ ತೂಗಹಾಕು" ಎಂದಳು. ಗುಬ್ಬಿಗಳು ಅಕ್ಕಿ ನುಚ್ಚಿಗೆ ನನ್ನ ಅಡುಗೆಮನೆ ಹತ್ತಿರವೇ ಸುಳಿಯುತ್ತವೆ ಎಂದು ಹುಡುಗಿ ನೋಡಿಟ್ಟುಕೊಂಡಿದ್ದಳು. ಅದಕ್ಕೇ ಗೂಡನ್ನು ನನ್ನ ಅಡುಗೆಮನೆಯ ಹೊರಗೋಡೆಗೆ ತೂಗುಹಾಕಿದಳು.

ನಡುವೆ ಹಬ್ಬದ ರಜೆ ಬಂತು. ಶಾಲೆ ತೆರೆದು ನೋಡಿದರೆ ಗುಬ್ಬಿ ಹುಲ್ಲು ಒಯ್ದು ಒಳಗೆ ತುಂಬಿತ್ತು. ಹಲಗೆಯ ಗೂಡಿಗೆ ಒಂದೂ ಬಂದಿರಲಿಲ್ಲ, ತಗಡಿನದಕ್ಕೇ ಬಂದಿತ್ತು. ಹುಡುಗಿ ಅಂಗಳವೆಲ್ಲ ಕುಣಿದಳು. ಇನ್ನು ಮುಟ್ಟಬಾರದು, ಮುಟ್ಟಿದರೆ ಗುಬ್ಬಿ ಬಿಟ್ಟುಹೋಗುತ್ತದೆ ಎಂದಳು ಟೀಚರ್.

ಮರಿ ಆಗುವ ಹೊತ್ತಿಗೆ ಬಿಸಿಲು ಬಂತು. ನಮ್ಮ ಕಡೆಯ ಬಿಸಿಲಿನ ಬಗ್ಗೆ ಬರೆಯುವುದೇನೂ ಇಲ್ಲ. ಆ ಗೋಡೆಗೆ ಬೆಳಿಗ್ಗೆ ನೆರಳು, ಮಧ್ಯಾಹ್ನದ ಮೇಲೆ ಪೂರ್ತಿ ಬಿಸಿಲು. ಒಂದು ದಿನ ಊಟ ಬಡಿಸಿ ಪಾತ್ರೆ ತೊಳೆಯುತ್ತ ಮೇಲೆ ನೋಡಿದೆ. ಮರಿಗಳು ಬಾಗಿಲಿನ ತೂತಿಗೆ ಮುತ್ತಿಕೊಂಡು ಬಾಯಿ ತೆರೆದು ಏದುತ್ತಿದ್ದವು. ತಾಯಿ ಕಾಳು ತಂದರೂ ಅವಕ್ಕೆ ಬೇಡ. ಹುಡುಗಿಯನ್ನು ಕರೆದು ತೋರಿಸಿದೆ. ಅವಳು ನೋಡಿದವಳೇ ಓಡಿಹೋಗಿ ಸುತ್ತಿಗೆ, ಮೊಳೆ ತಂದಳು. ಟೀಚರ್ ಅವಳ ಕೈ ಹಿಡಿದಳು.

"ಈಗ ಬಡದ್ರ ಗಾಬರಿಗಿ ಮರಿ ಕೆಳಗ ಜಿಗಿತಾವ."

"ಬಡೀದಿದ್ರ ಬೇಯ್ತಾವಲ್ರಿ ಮೇಡಂ!"

"ಬಡೀದೇ ತಂಪು ಮಾಡೂದು ಹ್ಯಾಂಗ, ಅದನ್ನ ಹೇಳು."

ಹುಡುಗಿ ಅಳಲಿಲ್ಲ. ಸಿಟ್ಟಿಗೆದ್ದಳು. ಆ ಸಿಟ್ಟಿನಲ್ಲೇ ದುಕಾನಿಗೆ ಹೋಗಿ ಅಷ್ಟೇ ದೊಡ್ಡದೊಂದು ಖಾಲಿ ಡಬ್ಬಿ ತಂದಳು. ಟೀಚರ್ ಜೇವರ್ಗಿ ಕಾಲೋನಿಯ ಗೆಳತಿಯ ಕಡೆಯಿಂದ ತಂದಿದ್ದ ಥರ್ಮಾಮೀಟರನ್ನು ಅದರೊಳಗೆ ಬಿಟ್ಟಳು. ಗುಬ್ಬಿಯ ಗೂಡಿನ ಮೇಲೆ ಪ್ರಯೋಗ ಬೇಡ, ಇದರ ಮೇಲೆ ಮಾಡಿ ಗೊತ್ತಾದದ್ದನ್ನು ಅದಕ್ಕೆ ಮಾಡೋಣ ಎಂದಳು. ಅದೇ ಗೋಡೆಯ ಆ ತುದಿಗೆ ಡಬ್ಬಿ ತೂಗುಹಾಕಿದರು. ಕೆಂಪು ಗೆರೆ ಏರಿದ್ದನ್ನು ನೋಡಿದರೆ ನನ್ನ ಒಲೆಯ ಮುಂದೆಯೇ ತಂಪು ಎನಿಸಿತು.

ಒದ್ದೆ ಗೋಣಿಚೀಲ ಹೊಚ್ಚಿರಿ ಎಂದೆ ನಾನು. ಹೊಚ್ಚಿದರು. ಗೆರೆ ಇಳಿಯಿತು. ನಾನು ಹೆಮ್ಮೆಯಿಂದ ಸೆರಗು ಕೊಡವುವಷ್ಟರಲ್ಲಿ ಗೋಣಿ ಒಣಗಿ ಗೆರೆ ಮತ್ತೆ ಏರಿತು.

"ಆಯಿ, ರವಿವಾರ ಯಾರು ನೀರು ಹಾಕ್ತಾರ? ನೀ ಬರ್ತಿ ಏನು?" ಎಂದಳು ಹುಡುಗಿ.

"ರವಿವಾರ ನಾ ಯಾಕ ಬರ್ಲಿ? ನನಗ ಮನಿ ಇಲ್ಲೇನು?"

"ಮತ್ತ, ಗೋಣಿ ಬ್ಯಾಡ."

ಆಮೇಲೆ ಡಬ್ಬಿಯ ಮೇಲೆ ಒಣಗಿದ ಬಾಳೆಪಟ್ಟಿ ಹೊದಿಸಿ ನೋಡಿದರು. ಕೆಂಪು ಬಾಳೆಯ ತೋಟ ಊರ ಸುತ್ತ ಇದೆ, ಪಟ್ಟಿಗೆ ಕೊರತೆ ಇಲ್ಲ. ಮೈಗೆ ತಾಗಿಸಿ ಹೊದಿಸಿದರೆ ಗೆರೆ ಸ್ವಲ್ಪವೇ ಇಳಿಯಿತು. ಆ ಹುಡುಗಿಯೇ ಬಿದಿರಿನ ಗೂಟ ಕೊಟ್ಟು ಪಟ್ಟಿಯ ಹೊದಿಕೆಯನ್ನು ಡಬ್ಬಿಯಿಂದ ಗೇಣು ದೂರ ಎತ್ತಿ ನಿಲ್ಲಿಸಿದಳು. ಗೆರೆ ಇಳಿದದ್ದು ಇಳಿದಂತೆಯೇ ನಿಂತಿತು. ಬಿಸಿಲು ತಗಡಿಗೆ ಮುಟ್ಟಲಿಲ್ಲ, ನಡುವೆ ಗಾಳಿ ಆಡಿತು, ಅದಕ್ಕೆ ಎಂದು ಟೀಚರ್ ಹೇಳಿದಳು. ಕೇಳಿದ ಮೇಲೆ ಇದು ಎಲ್ಲರಿಗೂ ಗೊತ್ತಿದ್ದದ್ದೇ ಎನಿಸುತ್ತದೆ. ಮೊದಲು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಖಾಲಿ ಡಬ್ಬಿ ಏನಾಯಿತೆಂದು ಅಪ್ಪ ಹುಡುಕಿಕೊಂಡು ಬಂದ. ಮಕ್ಕಳು ಡಬ್ಬಿಯ ಹೊದಿಕೆ ಬಿಚ್ಚಿ, ಈಗ ಗುಬ್ಬಿಯ ಕಡೆ ನಾಲ್ಕು ಬಿದಿರು ನೆಟ್ಟು, ಗೂಡಿಗೆ ತಾಗದಂತೆ, ಸದ್ದಿಲ್ಲದೆ ಬಾಳೆಪಟ್ಟಿ ಹೊದಿಸುತ್ತಿದ್ದರು.

"ಏನ್ ಬೇಟಿ, ಗುಬ್ಬಿ ಲಗ್ನಕ್ಕ ಹಂದರ ಹಾಕಾಕತ್ತೀರೇನು?"

ಹುಡುಗಿ ನಗಲಿಲ್ಲ. ಹಂದರವಿಲ್ಲದೆ ಬಿಸಿಲಿನಲ್ಲಿ ತೂಗುತ್ತಿದ್ದ ಖಾಲಿ ಡಬ್ಬಿಯ ಹತ್ತಿರ ಕರೆದೊಯ್ದು, ಕೈ ಒಳಗೆ ಹಾಕಿರಿ ಎಂದಳು. ಅವನು ಹಾಕಿ ತಟ್ಟನೆ ತೆಗೆದ.

"ನಾ ತೂತು ಹೊಡದಿದ್ದೆ ಅಬ್ಬಾ. ನೀವು ಮುಚ್ಚಿದ್ರಿ."

"ತೂತು ಇದ್ರ ಅದು ಡಬ್ಬಿ ಹ್ಯಾಂಗ ಆಗ್ತದ? ಎಷ್ಟು ವರ್ಷ ಜ್ವಾಳ ಇಟ್ರೂ ಹುಳ ಬೀಳಂಗಿಲ್ಲ ನಮ್ಮ ಡಬ್ಬ್ಯಾಗ, ಗೊತ್ತದ ಏನು?"

"ಜ್ವಾಳಕ್ಕ ಗಾಳಿ ಬ್ಯಾಡ. ಇವಕ್ಕ ಬೇಕು."

ಅವನು ನನ್ನ ಕಡೆ ತಿರುಗಿ, "ಕುಡೀಲಿಕ್ಕ ನೀರು ಕೊಡವ್ವ" ಎಂದ. ಕುಡಿದು ಹೋದ. ಖಾಲಿ ಡಬ್ಬಿ ಒಯ್ಯಲಿಲ್ಲ.

ಹಂದರ ಹಾಕಿದ ಮೇಲೆ ಮಧ್ಯಾಹ್ನ ಮರಿಗಳು ಬಾಗಿಲಿಗೆ ಬಂದು ಏದುವುದು ನಿಂತಿತು. ಚೀರಾಟ ಹೆಚ್ಚಾಯಿತು, ಅಂದರೆ ತಿನ್ನುತ್ತಿದ್ದವು. ಹುಡುಗಿ ಊಟದ ತಟ್ಟೆ ತಂದು ಅಲ್ಲಿಯೇ ಕೂತು ಉಣ್ಣುತ್ತಿದ್ದಳು. ಪರೀಕ್ಷೆ ನಡೆದಿತ್ತು, ಅವಳ ಲಕ್ಷ್ಯ ಅದರ ಮೇಲೆ ಇರಲಿಲ್ಲ. ಪುಸ್ತಕ ಹಿಡಿ ಎಂದು ನಾನು ಬೈದದ್ದೂ ಉಂಟು.

ಬೇಸಿಗೆ ರಜೆಗೆ ಮುಂಚೆ ಒಂದು ಬೆಳಿಗ್ಗೆ ಗೂಡು ಸುಮ್ಮನಾಗಿತ್ತು. ಎರಡು ಮರಿ ಬೇವಿನ ಗಿಡದಲ್ಲಿ ಕೂತು ತಾಯಿಯನ್ನು ಕರೆಯುತ್ತಿದ್ದವು. ಮತ್ತೆ ಯಾವುದೂ ಗೂಡಿಗೆ ಬರಲಿಲ್ಲ ಎಂದು ಗೊತ್ತಾದ ಮೇಲೆ ಟೀಚರ್ ಗೂಡು ಇಳಿಸಿ ಮುಚ್ಚಳ ತೆಗೆಸಿದಳು. ಹುಲ್ಲಿನ ಮೂಲೆಯಲ್ಲಿ ಮೂರನೆಯದು ಒಣಗಿ ಬಿದ್ದಿತ್ತು. ಪುಕ್ಕ ಸರಿಯಾಗಿ ಬಂದಿರಲಿಲ್ಲ.

ಹುಡುಗಿ ಕಡ್ಡಿಯಿಂದ ಹುಲ್ಲು ಸರಿಸಿ ನೋಡಿದಳು.

"ಬಿಸಿಲಿಗೇ ಸತ್ತದ ಏನ್ರಿ ಮೇಡಂ?"

"ಗೊತ್ತಿಲ್ಲ. ಹಂದರ ಹಾಕೂದಕ್ಕ ಮೊದಲ ಸತ್ತಿರಬಹುದು. ಕೂಳು ಸಿಗದೇ ಸತ್ತಿರಬಹುದು. ಹೇಳಾಕ ಬರಂಗಿಲ್ಲ."

"ಟೀಚರಿಗೂ ಗೊತ್ತಾಗಂಗಿಲ್ಲೇನ್ರಿ?"

"ಟೀಚರಿಗೂ ಗೊತ್ತಾಗಂಗಿಲ್ಲ."

ಸುಳ್ಳು ಸಮಾಧಾನ ಹೇಳಲಿಲ್ಲ ಎಂದು ನನಗೆ ಟೀಚರ್ ಮೇಲೆ ಗೌರವ ಬಂತು. ಸತ್ತದ್ದನ್ನು ನಾನೇ ಮೊರದಲ್ಲಿ ಎತ್ತಿ ಗಿಡದ ಬುಡಕ್ಕೆ ಹಾಕಿ ಮಣ್ಣು ಎಳೆದೆ. ಹುಡುಗಿ ಖಾಲಿ ಗೂಡನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಸಂತೆಯ ದಿನ ಬದನೆಕಾಯಿ ಕೊಂಡು ಬರುತ್ತ ಅವರ ದುಕಾನಿನ ಮುಂದೆ ಹಾದೆ. ಗೂಡನ್ನು ಕಲ್ಲಿನ ಮೇಲೆ ಇಟ್ಟುಕೊಂಡು ಹುಡುಗಿ ಮೊಳೆ ಹೊಡೆಯುತ್ತಿದ್ದಳು. ಗೂಡು ಜಾರುತ್ತಿತ್ತು. ಅಪ್ಪ ಗಿರಾಕಿಗಳ ಜೊತೆ ಮಾತಾಡುತ್ತ, ಆ ಸದ್ದು ಕೇಳದವನಂತೆ ಕೂತಿದ್ದ. ಜೋಳದ ಡಬ್ಬಿ ನೋಡುತ್ತಿದ್ದ ಹೆಂಗಸೊಬ್ಬಳು ಕೇಳಿಯೇ ಬಿಟ್ಟಳು.

"ಅಯ್ಯ, ಹೊಸಾ ಮಾಲಿಗಿ ನಿನ್ನ ಮಗಳು ತೂತು ಹೊಡಿಯಾಕತ್ಯಾಳಲ್ಲೋ! ಇಂಥಾದ್ದೇ ಏನು ನನಗ ಕೊಡಾವ?"

ಸಂತೆಯ ಜನ ತಿರುಗಿ ನೋಡಿದರು. ಅವನ ಮುಖ ಕೆಂಪಾಯಿತು. ಎದ್ದು ಬಂದು ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಇದು ಡಬ್ಬಿ ಅಲ್ರಿ, ಗುಬ್ಬಿ ಮನಿ," ಎಂದ ಆ ಹೆಂಗಸಿಗೆ. ಆಮೇಲೆ ಮಗಳಿಗೆ, "ಮೊಳಿ ಸಣ್ಣದಾಯ್ತು. ದೊಡ್ಡದು ತಗೋ."

ಗೂಡು ಜಾರದಂತೆ ಎರಡೂ ಕೈಯಿಂದ ಒತ್ತಿ ಹಿಡಿದ. ಅವಳು ಹೊಡೆದಳು.