ಮರೆತುಹೋಗುವ ಅಟ್ಟೆ

ಬಸ್ ಡಿಪೋದ ಎದುರಿನ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಬಾಗಿಲು ತೆರೆಯುವವರು ದಾರದಣ್ಣ. ಮೊದಲ ಬಸ್ಸು ಹೊರಡುವ ಮುನ್ನವೇ ಅವರು ಬಾಗಿಲ ಚೌಕಟ್ಟಿನಿಂದ ಒಂದು ದಾರ ಇಳಿಬಿಡುತ್ತಾರೆ. ತುದಿಯ ಸೀಸದ ಗುಂಡು ಓಲಾಡಿ, ಓಲಾಡಿ ನಿಲ್ಲುತ್ತದೆ. ನಿಂತ ಮೇಲೆ ಕೈಮುಗಿಯುತ್ತಾರೆ. "ಈ ಅಂಗಡೀಲಿ ನೆಟ್ಟಗಿರೋದು ಅದೊಂದೇ" ಎಂದು ಹೆಂಡತಿ ಒಳಗಿಂದ ಚುಚ್ಚುತ್ತಾರೆ.

ಜನರ ನಿಲುವು ನೋಡಿ, ಬೇಕಾದವರಿಗೆ ಪಾದರಕ್ಷೆಯೊಳಗೆ ಹಾಸುವ ಅಟ್ಟೆ ಮಾಡಿಕೊಡುವುದು ದಾರದಣ್ಣನ ಕಸುಬು. ಬಂದವರು ದಾರದ ಹಿಂದೆ ನಿಲ್ಲಬೇಕು. ಕಿವಿ, ಭುಜ, ಸೊಂಟ, ಕಾಲಗಂಟು ದಾರದಿಂದ ಎಷ್ಟು ಸರಿದಿವೆ ಎಂದು ಅವರು ನೋಡುತ್ತಾರೆ. "ನೆಟ್ಟಗೆ ನಿಂತ್ಕೊಳ್ಳಿ ಅಂತ ಮಾತ್ರ ಅನ್ನಬಾರದು. ಅಂದ್ರೆ ಫೋಟೋಗೆ ನಿಂತ ಹಾಗೆ ನಿಲ್ತಾರೆ" ಎನ್ನುತ್ತಾರೆ. ಅದಕ್ಕೇ ಹೆಂಡತಿ ಬಂದವರನ್ನು ಮಾತಿಗೆಳೆಯುತ್ತಾರೆ. ಮಗಳ ಮದುವೆಯ ವಿಷಯ ತೆಗೆದರೆ ಎಂಥವರೂ ಭುಜ ಇಳಿಬಿಡುತ್ತಾರಂತೆ.

ದಿನಕ್ಕೆ ಹತ್ತು ಜನ ಬಂದರೆ ಅಟ್ಟೆ ಸಿಗುವುದು ನಾಲ್ವರಿಗೆ. "ಕಾಲಲ್ಲಿ ಗಿಡ್ಡ ಉದ್ದ ಇದ್ರೆ ಅಟ್ಟೆ ಕೈಹಿಡಿಯುತ್ತೆ. ಇಡೀ ದಿನ ಕುರ್ಚೀಲಿ ಗೂನಾಗಿ ಕೂರೋರಿಗೆ ನಾನೇನು ಮಾಡ್ಲಿ? ಎದ್ದು ಓಡಾಡಿ ಅಂತ ಕಳಿಸ್ತೀನಿ."

ಈ ಕಣ್ಣು ಅವರಿಗೆ ತಡವಾಗಿ ಬಂತು. ಮೊದಲು ಬರೀ ಚಪ್ಪಲಿ ಹೊಲಿಯುತ್ತಿದ್ದರು. ತಾಯಿ ತೀರಿಕೊಂಡ ಹದಿಮೂರನೆಯ ದಿನ ಅವಳ ಚಪ್ಪಲಿ ಎತ್ತಿಡಲು ಹೋದಾಗ, ಎಡದ ಹಿಮ್ಮಡಿಯ ಒಂದೇ ಅಂಚು ಕಾಗದದಷ್ಟು ತೆಳುವಾಗಿದ್ದು ಕಂಡಿತು. "ಸೊಂಟ, ಸೊಂಟ ಅಂತಿದ್ಲು. ಮಗ ಚಪ್ಪಲಿ ಹೊಲಿಯೋನು, ತಿರುಗಿಸಿ ನೋಡ್ಲಿಲ್ಲ." ಆ ಜೋಡಿ ಈಗಲೂ ದೇವರ ಪಟದ ಕೆಳಗಿದೆ.

ಕಳೆದ ತಿಂಗಳು ಡಿಪೋದ ಕಂಡಕ್ಟರ್ ಹೆಂಗಸೊಬ್ಬಳು ಬಂದಳು. ಹನ್ನೊಂದು ವರ್ಷ ಬಸ್ಸಿನಲ್ಲಿ ನಿಂತವಳು, ಈಗ ಬೆನ್ನುನೋವು. ಮುಂದಿನ ಸೋಮವಾರ ಇಡೀ ಪಾಳಿ ನಿಂತು ತೋರಿಸದಿದ್ದರೆ ಕಡತದ ಕೋಣೆಗೆ ಹಾಕುತ್ತೇವೆ ಎಂದಿದ್ದರು ಮೇಲಿನವರು. ದಾರದಣ್ಣ ನೋಡಿದರು: ಎಡಗಾಲು ಅರ್ಧ ಬೆರಳು ಗಿಡ್ಡ. ಎರಡೂ ಒದ್ದೆ ಪಾದಗಳನ್ನು ಒಂದೇ ಕಂದು ಕಾಗದದ ಮೇಲೆ ಊರಿಸಿ, ಗಿಡ್ಡ ಕಾಲಿನ ಹಿಮ್ಮಡಿಯ ಪಕ್ಕ ದಬ್ಬಳದಿಂದ ತೂತು ಹಾಕಿ, ಕಾಗದವನ್ನು ಹಗ್ಗಕ್ಕೆ ಒಣಹಾಕಿದರು. ಒದ್ದೆ ಕಾಗದದ ಮೇಲೆ ಪೆನ್ಸಿಲ್ ಮೂಡುವುದಿಲ್ಲ, ಅದಕ್ಕೆ ತೂತು. ಅಟ್ಟೆ ಮರುದಿನವೇ ಸಿದ್ಧವಾಯಿತು.

ಶನಿವಾರ ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು ಬಂದಳು. "ಅಣ್ಣ, ಮೊದ್ಲು ಬೆನ್ನು ಮಾತ್ರ ನೋಯ್ತಿತ್ತು. ಈಗ ಕತ್ತೂ ಸೇರ್ಕೊಂಡಿದೆ."

ಅಟ್ಟೆಗಳನ್ನು ಹೊರತೆಗೆದರೆ ಎತ್ತರ ಬಲಗಾಲಿನದ್ದರಲ್ಲಿದೆ. ದಾರದಣ್ಣ ಕಾಗದ ಹುಡುಕಿ, ಬೆಳಕಿಗೆ ಹಿಡಿದು, ಅಲ್ಲೇ ಕುಳಿತುಬಿಟ್ಟರು. ನೀರು ಕಾಗದದ ಎರಡೂ ಮೈಗೆ ಇಳಿದಿತ್ತು. ತೂತಂತೂ ಎರಡೂ ಕಡೆಗೆ ಒಂದೇ. ಹಗ್ಗದಿಂದ ತೆಗೆಯುವಾಗ ಮಗುಚಿಕೊಂಡಿದ್ದರು. ಎಡ ಬಲವಾಗಿತ್ತು.

"ತಪ್ಪು ನಂದು, ತಂಗಿ. ನಿನ್ನ ಗಿಡ್ಡ ಕಾಲನ್ನ ಇನ್ನೂ ಗಿಡ್ಡ ಮಾಡಿದೀನಿ."

ಅವಳು, ಹಾಗಾದರೆ ಚಪ್ಪಲಿ ಅದಲುಬದಲು ಹಾಕಿಕೊಂಡು ಬರಬೇಕಿತ್ತೇನೋ ಎಂದಳು. ಮೊದಲು ನಕ್ಕವರು ದಾರದಣ್ಣನ ಹೆಂಡತಿ. ಮಧ್ಯಾಹ್ನದೊಳಗೆ ಹೊಸ ಅಟ್ಟೆ ಹೊರಬಂತು. ಅಂದಿನಿಂದ ಪ್ರತಿ ಕಾಗದದಲ್ಲೂ ಬಲಗಾಲಿನ ಕಿರುಬೆರಳ ಬಳಿಯ ಮೂಲೆಯನ್ನು ಕತ್ತರಿಸುತ್ತಾರೆ. ಕಾಗದ ಹೇಗೆ ಮಗುಚಿದರೂ ಮೂಲೆ ಬಲಗಾಲನ್ನು ಬಿಡುವುದಿಲ್ಲ.

ಸೋಮವಾರ ಅವರು ಬೇರೆ ಕೆಲಸ ಮಾಡಲಿಲ್ಲ. ದಾರದ ಪಕ್ಕದಲ್ಲೇ ನಿಂತು ಅವಳ ಬಸ್ಸು ಹೋಗುವುದನ್ನು, ಬರುವುದನ್ನು ಕಾದರು. ಸಂಜೆ ಕೊನೆಯ ಸುತ್ತು ಮುಗಿಸಿ ಬಸ್ಸು ಡಿಪೋದತ್ತ ತಿರುಗಿತು. ಅವಳು ಬಾಗಿಲಲ್ಲಿ, ಕಂಬಿ ಹಿಡಿಯದೆ, ಎರಡೂ ಕಾಲೂರಿ ನಿಂತು, ಇಳಿಯುವ ಜಾಗ ತಪ್ಪಿಸಿಕೊಂಡ ಯಾರನ್ನೋ ಜೋರಾಗಿ ಗದರುತ್ತಿದ್ದಳು. ಅಂಗಡಿಯ ಕಡೆ ತಿರುಗಲೂ ಇಲ್ಲ.

"ನೋಡಿದ್ರಾ, ಬೆಳಿಗ್ಗೆಯಿಂದ ಕಾದಿದ್ದಕ್ಕೆ ಒಂದ್ಸಲ ಕೈನೂ ಬೀಸಲಿಲ್ಲ" ಎಂದರು ಹೆಂಡತಿ.

ದಾರದಣ್ಣನ ಮುಖ ಅರಳಿತು. "ಕಾಲಲ್ಲಿರೋದನ್ನೇ ಮರ್ತಿದ್ದಾಳೆ ಕಣೇ. ಅಟ್ಟೆ ಸರಿಯಾಗಿ ಕೂತಿದೆ."